ಗಾಜಿನ ಕೆಳಗಿನ ಸುವಾರ್ತೆ

ನಾವಿರುವ ಈ ಪರದೇಶದ ಊರಿನಲ್ಲಿ ಸಿರಿವಂತರ ಬಡಾವಣೆ ಮುಥೈಗಾ; ಅಲ್ಲಿ ನೋಡಿದ ಟೀಪಾಯಿಯೊಂದು ಇವತ್ತಿಗೂ ಕಣ್ಣ ಮುಂದಿದೆ.

ಅದಿದ್ದದ್ದು ಗಿಗಿರಿಯಲ್ಲಿರುವ ಯಜಮಾನರ ಆಫೀಸಿನ ದೊಡ್ಡ ಸಾಹೇಬರ ಮನೆಯಲ್ಲಿ. ಅವರು ಬೆಂಗಳೂರಿನವರೇ. ಭಾನುವಾರದ ಆರಾಧನೆ ಮುಗಿಸಿ ಅಲ್ಲಿಗೆ ಊಟಕ್ಕೆ ಹೊರಟಾಗ ಯಜಮಾನರು ಕಾರಿನಲ್ಲೇ ಎಚ್ಚರಿಸಿದರು: "ಇವತ್ತು ಬಾಯಿಗೆ ಬೀಗ ಹಾಕ್ಕೊಂಡಿರು ಮಾರಾಯ್ತಿ. ಕಾಂಟ್ರಾಕ್ಟ್ ಮುಂದುವರಿಯೋದಕ್ಕೆ ಅವರ ಸೈನ್ ಬೇಕು."

ಹಿಂದಿನ ಸೀಟಿನಲ್ಲಿ ಮಗಳು ಕಿಸಕ್ಕೆಂದಳು.

ಟೀಪಾಯಿಯ ಗಾಜಿನ ಕೆಳಗೆ ಅಂಗೈಯಗಲದ ಕಂದು ತುಂಡೊಂದಿತ್ತು. ಅದರ ತುಂಬ ಕಪ್ಪು ಅಕ್ಷರಗಳು.

"ಪಪೈರಸ್. ನೈವಾಶಾ ಕೆರೇಲಿ ಬೆಳ್ಯುತ್ತಲ್ಲ, ಅಂಥ ಜೊಂಡಿಂದ ಮಾಡಿದ್ದು," ಎಂದರು ಸಾಹೇಬರು. "ನಿಮ್ಮ ಸುವಾರ್ತೇನೇ ಅಮ್ಮಾ, ಗ್ರೀಕ್‌ನಲ್ಲಿ. ಸಾವಿರದೇಳ್ನೂರು ವರ್ಷ ಹಳೇದಂತೆ."

ಮೈ ಜುಮ್ಮೆಂದಿತು. ಆದರೆ ಬಲಗಡೆಯ ಅಂಚು ಸ್ಕೇಲಿಟ್ಟ ಹಾಗೆ ನೆಟ್ಟಗಿತ್ತು. ಯಾಕೆಂದು ಕೇಳಿದೆ.

"ಫ್ರೆಂಡೂ ನಾನೂ ಸೇರಿ ಕೊಂಡ್ವಿ. ಬ್ಲೇಡಲ್ಲಿ ಅರ್ಧರ್ಧ ಮಾಡ್ಕೊಂಡ್ವಿ. ಅವನ ಪಾಲು ದುಬೈನಲ್ಲಿದೆ."

ಹೇಳುತ್ತ ಹೇಳುತ್ತಲೇ ಎರಡೂ ಕಾಲು ಎತ್ತಿ ಆ ಗಾಜಿನ ಮೇಲಿಟ್ಟರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಪಕ್ಕದಲ್ಲಿ ಬಿಯರ್ ಗ್ಲಾಸಿನ ಒದ್ದೆ ಗುರುತು, ಕಡಲೆಕಾಯಿ ಸಿಪ್ಪೆ.

ಮಂಗಳೂರಿನ ನಮ್ಮ ಮನೆಯಲ್ಲಿ ಸತ್ಯವೇದದ ಮೇಲೆ ಅಪ್ಪ ಕನ್ನಡಕವನ್ನೂ ಇಡುತ್ತಿರಲಿಲ್ಲ. ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಅದು ನಮ್ಮ ಪದ್ಧತಿಯಲ್ಲ ಎಂದು ಸಭಾಪಾಲಕರು ಗದರಿದರೂ ಬಿಟ್ಟಿರಲಿಲ್ಲ.

ಜ್ಯೂಸ್ ತೆಗೆದುಕೊಳ್ಳಲು ಬಗ್ಗಿದಾಗ ನನ್ನ ಕಾಲು ಟೀಪಾಯಿಗೆ ತಾಗಿತು. ಕೈ ತಾನಾಗಿ ಮುಂದೆ ಹೋಯಿತು. ಸಾಹೇಬರ ಎರಡು ಪಾದಗಳ ನಡುವೆ ಗಾಜು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ.

"ಅಯ್ಯೋ, ನನ್ನ ಕಾಲಿಗೆ ಯಾಕಮ್ಮಾ ನಮಸ್ಕಾರ?" ಸಾಹೇಬರು ಹೊಟ್ಟೆ ಕುಲುಕಿಸಿ ನಕ್ಕರು. "ಏನ್ರೀ, ಹೆಂಡತೀನ ಒಳ್ಳೆ ರೆಡಿ ಮಾಡ್ಕೊಂಡೇ ಬಂದಿದೀರಿ. ಆಯ್ತು, ಸೈನ್ ಹಾಕ್ತೀನಿ ಬಿಡಿ."

ನಿಮ್ಮ ಕಾಲಿಗಲ್ಲ, ಅದರ ಕೆಳಗಿರುವುದಕ್ಕೆ ಎನ್ನಬೇಕಿತ್ತು. ಯಜಮಾನರತ್ತ ನೋಡಿದೆ. ಅವರು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಜ್ಯೂಸ್ ಕುಡಿದೆ.

ವಾಪಸಾಗುವಾಗ ಮಗಳು ಕೇಳಿದಳು, "ಅಮ್ಮಾ, ವೈ ಡಿಡ್ ಯೂ ಟಚ್ ಹಿಸ್ ಫೀಟ್?"

"ಸುಮ್ನಿರು," ಎಂದರು ಯಜಮಾನರು.

ಮಂಗಳವಾರ ಸಹಿ ಬಿತ್ತು. ಕಾಂಟ್ರಾಕ್ಟ್ ಮತ್ತೆರಡು ವರ್ಷಕ್ಕೆ.

ಬೆಳಿಗ್ಗೆ ಸುಕುಮಾ ಸೊಪ್ಪು ಹೆಚ್ಚುತ್ತ ದೇವರ ಸಣ್ಣಪುಟ್ಟ ಕೃಪೆಗಳನ್ನು ಎಣಿಸುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು, ಸ್ತೋತ್ರ. ಮಗಳ ಕೆಮ್ಮು ನಿಂತಿತು, ಸ್ತೋತ್ರ. ಆ ಸಹಿಗೂ ಸ್ತೋತ್ರ ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆ ಕಾಲುಚೀಲದ ವಾಸನೆಯೇ ಬರುತ್ತದೆ.