ಲೆಕ್ಕಕ್ಕೆ ಬಾರದ ಕೆಮ್ಮು

ನನ್ನ ತಂಗಿಯ ಎದೆಯೊಳಗೆ ಏನಿದೆ ಎಂದು ತಿಳಿದುಕೊಳ್ಳುವ ಆಸಕ್ತಿಯನ್ನು ಮೊದಲು ತೋರಿಸಿದ್ದು ಬ್ರಿಟನ್ ದೇಶ. ಅದಕ್ಕೂ ಹಿಂದೆ ಅವಳನ್ನು ನೋಡಲು ಎರಡು ಕಡೆಯ ಗಂಡಿನವರು ಬಂದು ಹೋಗಿದ್ದರು. ಅವರು ಎತ್ತರ, ಬಣ್ಣ, ಸಂಬಳ ಕೇಳಿದ್ದರು. ಶ್ವಾಸಕೋಶದ ವಿಚಾರವನ್ನು ಯಾರೂ ಎತ್ತಿರಲಿಲ್ಲ.

ತಂಗಿ ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಸತ್ಯನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಮತ್ತು ನನ್ನ ಪುಟ್ಟ ಮಗಳ ಜೊತೆಗೇ ಇದ್ದಳು. ನಾನು ದಿನಾ ಬಸ್ಸಿನಲ್ಲಿ ಕುರುಗೋಡಿಗೆ ಹೋಗಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಬರುವವಳು. ಅವಳು ರಾತ್ರಿಪಾಳಿ ಮುಗಿಸಿ ಬಂದು ಇಂಗ್ಲಿಷ್ ಪರೀಕ್ಷೆಗೆ ಓದಿದಳು, ಫೋನಿನಲ್ಲೇ ಸಂದರ್ಶನ ಕೊಟ್ಟಳು, ಕೊನೆಗೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಇಂಥ ದಿನದೊಳಗೆ ಬಂದು ಸೇರಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ ಎಂದು ಅವರು ತಿಳಿಸಿದ್ದರು. ಉಳಿದದ್ದು ವೀಸಾ ಒಂದೇ.

ವೀಸಾ ಏಜೆಂಟರ ಕಚೇರಿ ಬ್ರೂಸ್‌ಪೇಟೆಯಲ್ಲಿ, ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿಯ ಮೇಲೆ. ಕೆಳಗೆ ಕೊಡಗಳನ್ನು ಒಂದರ ಮೇಲೊಂದು ಎಸೆಯುವ ಸದ್ದಿನ ನಡುವೆ ಅವರು ನಿಯಮ ವಿವರಿಸಿದರು.

"ಆರು ತಿಂಗಳಕ್ಕಿಂತ ಜಾಸ್ತಿ ಇರೋರಿಗೆ ಟಿ.ಬಿ. ಟೆಸ್ಟ್ ಕಡ್ಡಾಯ ಮೇಡಮ್. ಬಳ್ಳಾರಿ ರಿಪೋರ್ಟ್ ನಡಿಯಂಗಿಲ್ಲ. ಅವರು ಒಪ್ಪಿದ ಕ್ಲಿನಿಕ್ಕಿನಾಗ ಆಗಬೇಕು. ನಮಗ ಬೆಂಗಳೂರು."

"ಆರು ತಿಂಗಳಕ್ಕಿಂತ ಕಡಿಮಿ ಇರೋರಿಗೆ?" ನಾನು ಕೇಳಿದೆ.

"ಅವರಿಗೆ ಬೇಕಾಗಿಲ್ರಿ."

ಬೇಗ ಮರಳುವವರ ಕ್ರಿಮಿಗಳು ಮರ್ಯಾದಸ್ಥ ಕ್ರಿಮಿಗಳಿರಬೇಕು, ನೆಂಟರ ಮನೆಗೆ ಬಂದವರ ಹಾಗೆ ಮೂಲೆಯಲ್ಲಿ ಕೂತು ಎದ್ದು ಹೋಗುತ್ತವೆ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ವೀಸಾ ಏಜೆಂಟರ ಎದುರು ತಮಾಷೆ ಮಾಡುವ ಧೈರ್ಯ ಯಾರಿಗಿರುತ್ತದೆ?

"ಟೆನ್ಶನ್ ತಗೋಬ್ಯಾಡ್ರಿ," ಅವರು ತಂಗಿಗೆ ಹೇಳಿದರು. "ಎದಿ ಸ್ವಚ್ಛ ಇಟ್ಕೋರಿ. ಅಲ್ಲಿ ಹೋಗಿ ಕೆಮ್ಮಬ್ಯಾಡ್ರಿ. ಅಷ್ಟೇ."

ನಾವು ಆ ಮಾತನ್ನು ಕಾನೂನಿನಂತೆ ಮನೆಗೆ ತಂದೆವು. ಸುದ್ದಿ ಸಿರುಗುಪ್ಪಕ್ಕೆ ಮುಟ್ಟಿತು. ಅಲ್ಲಿ ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ, ತೌಡು ಗುಡಿಸಿ ಚೀಲ ತುಂಬುವ ಕೆಲಸ ಮಾಡುತ್ತಿದ್ದ ನಮ್ಮ ಅವ್ವ ರಜೆ ಹಾಕಿ, ಬೆಲ್ಲದ ಉಂಡೆಗಳ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಬಂದಳು.

ಬೆಲ್ಲದ ಕಾರಣ ಹೇಳಬೇಕು. ಮಿಲ್ಲಿನ ಹೆಂಗಸರು ಪಾಳಿ ಮುಗಿದ ಮೇಲೆ ಗೇಟಿನ ಹತ್ತಿರ ಒಂದೊಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ. ಗಂಟಲಲ್ಲಿ ಕೂತ ತೌಡಿನ ಧೂಳನ್ನು ಬೆಲ್ಲ ಹಿಡಿದುಕೊಂಡು ಹೊಟ್ಟೆಗೆ ಇಳಿಸುತ್ತದೆ ಎಂಬುದು ಅವರ ನಂಬಿಕೆ. ತನ್ನ ಎದೆಯನ್ನು ಇಷ್ಟು ವರ್ಷ ಕಾಪಾಡಿದ ಬೆಲ್ಲ ಮಗಳ ಎದೆಯನ್ನು ಬ್ರಿಟನ್ನಿಗೆ ಒಪ್ಪಿಸಲು ಸಾಕು ಎಂದು ಅವ್ವ ತೀರ್ಮಾನಿಸಿದ್ದಳು. ಬೆಳಿಗ್ಗೆ ಬೆಲ್ಲ, ಸಂಜೆ ಅಜಿವಾನದ ಹಬೆ, ಮಲಗುವ ಮುಂಚೆ ಅರಿಶಿನದ ಹಾಲು. ನರ್ಸಿಂಗ್ ಓದಿದ ನನ್ನ ತಂಗಿ ಎಲ್ಲವನ್ನೂ ಬಾಯಿ ಮುಚ್ಚಿ ನುಂಗಿದಳು. ವೀಸಾ ಬೇಕಾದವರು ವಿಜ್ಞಾನದ ಜೊತೆ ಜಗಳ ಆಡುವುದಿಲ್ಲ, ಬೆಲ್ಲದ ಜೊತೆಯೂ ಆಡುವುದಿಲ್ಲ.

ಮನೆಯಲ್ಲಿ ಕೆಮ್ಮಿಗೆ ಪ್ರವೇಶ ನಿಷೇಧವಾಯಿತು. ನೆಗಡಿಯಾಗಿದ್ದ ಪಕ್ಕದ ಮನೆಯಾಕೆ ಮೊಸರಿನ ಹೆಪ್ಪಿಗೆ ಬಂದರೆ ಅವ್ವ ಹೊಸ್ತಿಲಲ್ಲೇ ತಡೆದಳು.

"ಬ್ಯಾಸರ ಮಾಡ್ಕೋಬ್ಯಾಡವಾ. ಒಂದು ಹದಿನೈದು ದಿನ ಈ ಕಡಿ ಬರಬ್ಯಾಡ. ನಮ್ಮ ಹುಡುಗಿ ಎದಿ ಪರೀಕ್ಷಾ ಐತಿ."

ಇಷ್ಟು ಹೇಳಿ ಅವ್ವ ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ಕೆಮ್ಮಿದಳು. ಉಸಿರು ಕಟ್ಟುವ ತನಕ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಬಾಗಿಲು ಹಾಕಿಕೊಂಡು ಒಳಗೆ ಬಂದಳು. ಪಕ್ಕದ ಮನೆಯಾಕೆ ಮುಖ ಊದಿಸಿಕೊಂಡು ಹೋದರು. ನಾನು, ತಂಗಿ ಇಬ್ಬರೂ ಅಲ್ಲೇ ಇದ್ದೆವು. ಸೋಂಕನ್ನು ಹೊರಗೇ ನಿಲ್ಲಿಸಿದೆವು ಎಂದು ನಮಗೆ ಸಮಾಧಾನವಾಯಿತು.

ಅವ್ವನದು ಕೆಮ್ಮಲ್ಲ, ಮಿಲ್ಲಿನ ಕೆಮ್ಮು. ಸಿರುಗುಪ್ಪದ ಮಿಲ್ಲುಗಳ ಓಣಿಯಲ್ಲಿ ಬೆಳೆದವರಿಗೆ ಇದರ ವ್ಯತ್ಯಾಸ ವಿವರಿಸಬೇಕಿಲ್ಲ. ನೆಗಡಿಯಿಂದ ಬಂದದ್ದು ಕೆಮ್ಮು, ಅದಕ್ಕೆ ಕಷಾಯ ಇದೆ. ಮಿಲ್ಲಿನದು ಕೂಲಿಯ ಜೊತೆ ಬಂದದ್ದು, ಬಟ್ಟೆಗೆ ಹತ್ತಿದ ತೌಡಿನ ಹಾಗೆ. ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ಅವ್ವ ನಮ್ಮ ಮನೆಯಲ್ಲಿ ಇದ್ದಷ್ಟು ದಿನ ನನ್ನ ಮಗಳು ಅಜ್ಜಿಯ ಹಾಸಿಗೆಯಲ್ಲೇ ಮಲಗಿದಳು.

ಬೆಂಗಳೂರಿನ ಆ ಕ್ಲಿನಿಕ್ ಮದುವೆ ಛತ್ರದ ಹಾಗೆ ಗಿಜಿಗುಡುತ್ತಿತ್ತು, ಆದರೆ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಕೆಮ್ಮನ್ನು ತಡೆದುಕೊಂಡು ಕೂತಿದ್ದರು. ಪ್ರತಿಯೊಬ್ಬರ ಊರಿನಲ್ಲೂ ಒಬ್ಬ ಏಜೆಂಟ್ ಇರುತ್ತಾನಲ್ಲ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡುತ್ತಲೇ ತಂಗಿಗೆ ಪ್ರಶ್ನೆ ಕೇಳಿದಳು. ನಿಮಗೆ ಹಿಂದೆ ಟಿ.ಬಿ. ಬಂದಿತ್ತಾ? ಮನೆಯಲ್ಲಿ ಯಾರಿಗಾದರೂ ಬಂದಿತ್ತಾ? ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯಾ?

"ಇಲ್ಲ," ಎಂದಳು ತಂಗಿ. ಪಕ್ಕದಲ್ಲಿ ನಿಂತ ನಾನೂ ಇಲ್ಲವೆಂದು ತಲೆಯಾಡಿಸಿದೆ. ನಾವು ಸುಳ್ಳು ಹೇಳಲಿಲ್ಲ. ಎರಡು ವಾರದ ಕೆಮ್ಮು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹದಿನೈದು ವರ್ಷದ್ದು ಇತ್ತು, ಅದನ್ನು ಅವರು ಕೇಳಲಿಲ್ಲ.

ಎಕ್ಸ್‌ರೇ ಆಯಿತು. ಡಾಕ್ಟರಮ್ಮ ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು. ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ, ಕಿಟಕಿ ಗಾಜಿನ ಮೇಲೆ ಯಾರೋ ಬೆರಳಿಟ್ಟು ತೆಗೆದಂಥ ಒಂದು ಮಸುಕು.

"ಏನೂ ಇಲ್ಲದೆ ಇರಬಹುದು," ಎಂದರು ಅವರು. "ಆದರೆ ಏನೂ ಇಲ್ಲ ಅಂತ ನಾನು ಬರೆದುಕೊಡೋಕೆ ಆಗಲ್ಲ. ಮೂರು ದಿನ ಬೆಳಿಗ್ಗೆ ಬಂದು ಕಫ ಕೊಡಿ. ಅದರಲ್ಲಿ ಕ್ರಿಮಿ ಬೆಳೆಯುತ್ತಾ ಅಂತ ನೋಡೋ ಕಲ್ಚರ್ ರಿಪೋರ್ಟ್ ಬರೋಕೆ ಎಂಟು ವಾರ ಬೇಕು."

ತಂಗಿ ಬೆರಳು ಮಡಚಿ ವಾರಗಳನ್ನು ಲೆಕ್ಕ ಹಾಕಿದ್ದನ್ನು ನೋಡಿದೆ. ರಿಪೋರ್ಟ್ ಸಮಯಕ್ಕೆ ಬಂದರೆ ಕೆಲಸಕ್ಕೆ ಸೇರುವ ದಿನ ಕೈಗೆ ಸಿಗುತ್ತಿತ್ತು, ತಡವಾದರೆ ಇಲ್ಲ. ಕೆಟ್ಟದಾಗಿ ಬಂದರೆ ಎಂಬ ಮಾತನ್ನು ನಾವಿಬ್ಬರೂ ಆಡಲಿಲ್ಲ.

ಮೊದಲ ಬೆಳಿಗ್ಗೆ ಅವಳು ಡಬ್ಬಿ ಹಿಡಿದು ಒಳಗೆ ಹೋದಳು, ಹೊರಗೆ ಬಂದಳು. ಮಾಸ್ಕ್ ಹಾಕಿದ ಸಹಾಯಕಿ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮೇಡಂ, ಇದು ಎಂಜಲು. ಕಫ ಬೇಕು. ಎದೆಯಿಂದ ಬರಬೇಕು."

ಎಷ್ಟೋ ರೋಗಿಗಳಿಂದ ಕಫ ತೆಗೆಸಿ ಲ್ಯಾಬಿಗೆ ಕಳಿಸಿದ ನರ್ಸಿಗೆ ತನ್ನದು ಬರಲಿಲ್ಲ. ಬರುವುದಾದರೂ ಎಲ್ಲಿಂದ? ಅಷ್ಟು ದಿನ ಬೆಲ್ಲ, ಹಬೆ, ಅರಿಶಿನ ಸೇರಿ ಎದೆಯನ್ನು ತೊಳೆದಿಟ್ಟಿದ್ದವು. ಯಾವುದನ್ನು ಇಲ್ಲದಂತೆ ಮಾಡಲು ನಾವು ಅಷ್ಟು ಪಾಡುಪಟ್ಟೆವೋ ಅದನ್ನೇ ಬ್ರಿಟನ್ನಿನ ದೊರೆಗಳು ಡಬ್ಬಿಯಲ್ಲಿ ಕೇಳುತ್ತಿದ್ದರು. ಬಿಸಿನೀರು ಕುಡಿಯಿರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ ಎಂದು ಕಾರಿಡಾರಿನ ಬೆಂಚಿಗೆ ಕಳಿಸಿದರು.

ಆಗ ಅವ್ವನ ಫೋನು ಬಂತು. ತಂಗಿಯ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಿಸಿನೀರು. ನಾನು ಸ್ಪೀಕರ್ ಹಾಕಿ ಹಿಡಿದುಕೊಂಡು ವಿಷಯ ಹೇಳಿದೆ.

"ಅಷ್ಟೂ ಬರಂಗಿಲ್ಲೇನ್ಲೇ ನಿನಗ?" ಎಂದಳು ಅವ್ವ. "ದೊಡ್ಡ ನರ್ಸ್ ಅಂತಿ. ಮೊದಲು ಬಗ್ಗು. ಉಸಿರು ಹೊಟ್ಟಿ ತನಕ ಎಳಕೋ. ಎಳಕೊಂಡು, ಹಿಂಗ ನೋಡು..."

ಅವ್ವ ಕೆಮ್ಮಿ ತೋರಿಸಿದಳು. ತೋರಿಸಲು ಶುರು ಮಾಡಿದ್ದನ್ನು ನಿಲ್ಲಿಸಲು ಅವಳ ಕೈಲಾಗಲಿಲ್ಲ. ತುಂಬಿದ ಮೂಟೆಯನ್ನು ನೆಲದ ಮೇಲೆ ಎಳೆದಂಥ ಸದ್ದು ಆ ನಿಶ್ಶಬ್ದ ಕಾರಿಡಾರಿನ ತುದಿಯ ತನಕ ಹೋಯಿತು. ಕಾದು ಕೂತವರೆಲ್ಲ ನಮ್ಮ ಕಡೆ ನೋಡಿ, ಫೋನಿನಿಂದ ದೂರ ಸರಿದು ಕೂತರು. ಹೋಗುತ್ತಿದ್ದ ಸಹಾಯಕಿ ನಿಂತರು.

"ಯಾರದು ಮೇಡಂ ಆ ಕೆಮ್ಮು?"

"ನಮ್ಮ ಅವ್ವಂದು," ಎಂದೆ. "ಅದೇನಿಲ್ಲ ಬಿಡ್ರಿ. ಮಿಲ್ಲಿನ ಕೆಮ್ಮು."

"ಎಷ್ಟು ದಿನದಿಂದ ಇದೆ?"

ನಾನು ತಂಗಿಯ ಮುಖ ನೋಡಿದೆ. ಅವಳು ಫೋನನ್ನೇ ನೋಡುತ್ತಿದ್ದಳು, ಆಸ್ಪತ್ರೆಯಲ್ಲಿ ಹೊಸ ರೋಗಿಯನ್ನು ನೋಡುವ ಹಾಗೆ. ಆ ಕೆಮ್ಮನ್ನು ಅವಳು ಶಾಲೆಗೆ ಹೋಗುವ ಕಾಲದಿಂದ ಕೇಳಿದ್ದಳು. ಬೇರೆಯವರ ಕಿವಿಯಿಂದ ಕೇಳಿದ್ದು ಆವತ್ತೇ ಮೊದಲು.

"ಅವ್ವಾ," ಎಂದಳು ನಿಧಾನಕ್ಕೆ. "ರಾತ್ರಿ ಬೆವರ್ತೀಯೇನು?"

"ಬಳ್ಳಾರ್ಯಾಗ ಬೆವರಲಾರದೋರು ಯಾರದಾರ ಹೇಳು."

"ಸೊರಗೀಯಲ್ಲಾ ನೀನು?"

"ಮಗಳು ಪರದೇಶಕ್ಕ ಹೊಂಟಾಳ, ದಪ್ಪ ಆಗಬೇಕಿತ್ತೇನು? ಮೊದಲು ಡಬ್ಬಿ ತುಂಬು."

ತಂಗಿ ಒಳಗೆ ಹೋದಳು. ಅತ್ತಳೋ ಕೆಮ್ಮಿದಳೋ ಹೊರಗಿದ್ದ ನನಗೆ ತಿಳಿಯಲಿಲ್ಲ. ಡಬ್ಬಿಯಲ್ಲಿ ಈ ಸಲ ಕಫವೇ ಇತ್ತು.

ಸಂಜೆ ಏಜೆಂಟರಿಗೆ ಫೋನ್ ಮಾಡಿದೆವು. ಮನೆಯಲ್ಲಿ ಕೆಮ್ಮು ಇದೆ ಎಂದು ಕ್ಲಿನಿಕ್ಕಿಗೆ ತಿಳಿಸಬೇಕು ಎಂದಳು ತಂಗಿ.

"ಹುಚ್ಚಿದೀರೇನ್ರಿ ಮೇಡಮ್?" ಎಂದರು ಅವರು. "ನಿಮ್ಮವ್ವಗ ಟೆಸ್ಟೇ ಆಗಿಲ್ಲ. ಟೆಸ್ಟ್ ಆಗಲಾರದ ಕಾಯಿಲೆ ಎಲ್ಲಿಂದ ಬರತೈತಿ? ನೀವು ಹೋಗಿ ಸೇರೋ ತನಕ ಅವರನ್ನ ಟೆಸ್ಟಿಗೆ ಕರಕೊಂಡು ಹೋಗಬ್ಯಾಡ್ರಿ. ಮುಗೀತು."

ಅವರ ತರ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ನಮ್ಮ ಓಣಿ ಎಷ್ಟೋ ವರ್ಷದಿಂದ ಅದೇ ತರ್ಕದ ಮೇಲೆ ಆರೋಗ್ಯವಾಗಿತ್ತು. ತಂಗಿ ಫೋನ್ ಇಟ್ಟಳು. ಉಳಿದ ಎರಡು ಬೆಳಿಗ್ಗೆಯೂ ಕಫ ಕೊಟ್ಟಳು. ಊರಿಗೆ ಬಂದವಳು ಮನೆಯ ಕಿಟಕಿಗಳನ್ನೆಲ್ಲ ತೆಗೆದು, ನನ್ನ ಮಗಳ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿ, ಅವ್ವನಿಗೆ ಮಾಸ್ಕ್ ಕೊಟ್ಟಳು. ಅವ್ವ ಅದನ್ನು ಗದ್ದಕ್ಕೆ ಹಾಕಿಕೊಂಡು ಕೇಳಿದಳು.

"ನಾನು ಯಾವ ದೇಶಕ್ಕ ಹೊಂಟೀನಂತ ನನಗ ಟೆಸ್ಟು?"

ಹೊರಟವರ ಎದೆಯನ್ನು ನೋಡಲು ಒಂದು ದೇಶ ಬೆಂಗಳೂರಿನ ತನಕ ಬಂದು ಕೂತಿದೆ. ಉಳಿದವರ ಎದೆಯನ್ನು ಉಳಿದವರೇ ನೋಡಿಕೊಳ್ಳಬೇಕು, ಅವರ ಲೆಕ್ಕದಲ್ಲಿ ಅಲ್ಲಿರುವುದು ಬರೀ ಧೂಳು.

ತಂಗಿ ಹಟ ಹಿಡಿದು ಕರೆದುಕೊಂಡು ಹೋದ ಸಿರುಗುಪ್ಪದ ಸರ್ಕಾರಿ ಆಸ್ಪತ್ರೆಯಲ್ಲಿ ಅವ್ವ ಮೊದಲ ಸಲಕ್ಕೇ ಡಬ್ಬಿ ತುಂಬಿ, ಮಗಳ ಕಡೆ ನೋಡಿ ಹುಬ್ಬು ಹಾರಿಸಿದಳು. ಪರೀಕ್ಷೆಗೆ ದುಡ್ಡು ಕೊಡಬೇಕಿರಲಿಲ್ಲ, ಎಂಟು ವಾರ ಕಾಯುವುದೂ ಬೇಕಾಗಲಿಲ್ಲ. ಟಿ.ಬಿ. ಇತ್ತು. ಮಾತ್ರೆ ಕೊಡಲು ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿ, "ಯಜಮಾನ್ರು ಯಾತರಾಗ ತೀರ್ಕೊಂಡ್ರು?" ಎಂದು ಕೇಳಿದರು. "ಅವರಿಗೂ ಮಿಲ್ಲಿನ ಕೆಮ್ಮಿತ್ತು," ಎಂದಳು ಅವ್ವ. ಕಾರ್ಯಕರ್ತೆ ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನು ನೋಡಿದರು. ನಾನು ಗೋಡೆ ನೋಡಿದೆ. ನನ್ನ ಮಗಳನ್ನೂ ಪರೀಕ್ಷಿಸಿ, ಕಾಯಿಲೆ ಇಲ್ಲ ಎಂದು ಹೇಳಿ, ಬಾರದಂತೆ ಮಾತ್ರೆ ಕೊಟ್ಟರು.

ತಂಗಿ ಅದೇ ದಿನ ಬೆಂಗಳೂರಿನ ಕ್ಲಿನಿಕ್ಕಿಗೆ ಫೋನ್ ಮಾಡಿ, ತಾನು ಹೇಳಿದ "ಇಲ್ಲ" ಈಗ "ಹೌದು" ಆಗಿದೆ ಎಂದು ತಿಳಿಸಿದಳು. ಕೇಳಿಸಿಕೊಂಡ ಡಾಕ್ಟರಮ್ಮ ಬೈಯಲಿಲ್ಲ. ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಸರ್ಟಿಫಿಕೇಟ್ ಕೊಡುತ್ತೇವೆ, ಆದರೆ ಮನೆಯಲ್ಲಿ ರೋಗಿ ಇರುವುದರಿಂದ ಅದು ಆರು ತಿಂಗಳ ಬದಲು ಮೂರೇ ತಿಂಗಳು ನಡೆಯುತ್ತದೆ ಎಂದರು. ನಿಜ ಹೇಳಿದ್ದಕ್ಕೆ ಅರ್ಧ ರಿಯಾಯಿತಿ. ಏಜೆಂಟರು ನಮ್ಮ ಜೊತೆ ಮಾತು ಬಿಟ್ಟರು, ಫೀಸು ಬಿಡಲಿಲ್ಲ.

ಕಾದೆವು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಆ ಮಸುಕು ಯಾವಾಗಲೋ ತಗುಲಿ ತಾನೇ ಮಾಗಿದ ಹಳೆಯ ಕಲೆ ಇರಬೇಕು ಎಂದರು. ಎಲ್ಲಿಂದ ತಗುಲಿತು ಎಂದು ನಾವು ಕೇಳಲಿಲ್ಲ. ವೀಸಾ ಬಂತು.

ಅಷ್ಟರಲ್ಲಿ ಅವ್ವನ ಕೆಮ್ಮು ನಿಂತಿತ್ತು. ಇನ್ನು ಯಾರಿಗೂ ಹರಡುವುದಿಲ್ಲ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಮಿಲ್ಲಿಗೆ ಹೋದರೆ ಗುಮಾಸ್ತ ಗೇಟಿನಲ್ಲೇ ತಡೆದ. "ನಿನಗ ಟಿ.ಬಿ. ಐತಂತಲ್ಲಬೇ. ಸರ್ಟಿಫಿಕೇಟ್ ತಗೊಂಡು ಬಾ." ಅಷ್ಟು ವರ್ಷ ಕೆಮ್ಮುತ್ತ ಒಳಗೆ ಹೋದವಳನ್ನು ಯಾರೂ ತಡೆದಿರಲಿಲ್ಲ. ಈಗ ಇಡೀ ಅಂಗಳದಲ್ಲಿ ಕೆಮ್ಮದೆ ನಿಂತಿದ್ದ ಒಬ್ಬಳೇ ಹೆಂಗಸು ಹೊರಗೆ.

ತಂಗಿ ಹೊರಡುವ ಮೊದಲು ಡಾಕ್ಟರ ಚೀಟಿ ಹಿಡಿದು, ಅದೇ ಆರೋಗ್ಯ ಕಾರ್ಯಕರ್ತೆಯನ್ನು ಕರೆದುಕೊಂಡು ಮಿಲ್ಲಿಗೆ ಹೋದಳು. ನಾನೂ ಜೊತೆಗಿದ್ದೆ. ಚೀಟಿ ಓದಿದ ಗುಮಾಸ್ತ ಅವ್ವನನ್ನು ಒಳಗೆ ಬಿಟ್ಟ. ಪಾಳಿ ಮುಗಿದು ಹೆಂಗಸರು ಬಂದಾಗ ಕಾರ್ಯಕರ್ತೆ ಕೇಳಿದರು, "ಎರಡು ವಾರದ ಮ್ಯಾಲ ಕೆಮ್ಮು ಯಾರಿಗೈತ್ರಿ?" ಯಾರೂ ಕೈ ಎತ್ತಲಿಲ್ಲ. ಹಿಂದೆ ನಿಂತ ಒಬ್ಬಾಕೆ ಕೆಮ್ಮುತ್ತಲೇ ಇಲ್ಲವೆಂದು ಕೈಯಾಡಿಸಿದಳು.

ಅವ್ವ ಮುಂದೆ ಬಂದಳು.

"ಅಕೀ ಕೇಳೋದು ನಿಮಗ ತಿಳಿಯಂಗಿಲ್ಲ," ಎಂದಳು. "ಮಿಲ್ಲಿನ ಕೆಮ್ಮು ಯಾರ್ಯಾರಿಗೈತಿ, ಕೈ ಎತ್ರಿ."

ಕೈಗಳು ಎದ್ದವು. ಬೆಲ್ಲ ಹಿಡಿದ ಕೈಗಳೂ ಎದ್ದವು. ಕಾರ್ಯಕರ್ತೆ ಚೀಲ ತೆಗೆದು ಡಬ್ಬಿಗಳನ್ನು ನೋಡಿಕೊಂಡರು. ಸಾಲುತ್ತಿರಲಿಲ್ಲ. ಉಳಿದವರು ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಇದ್ದಷ್ಟನ್ನು ಹಂಚಿದರು. ತಂಗಿ ಒಬ್ಬೊಬ್ಬರಿಗೂ ಹೇಗೆ ಬಗ್ಗಬೇಕು, ಉಸಿರನ್ನು ಎಲ್ಲಿಯ ತನಕ ಎಳೆಯಬೇಕು ಎಂದು ತೋರಿಸುತ್ತ ಹೋದಳು. ಅವಳ ಎದೆ ಸ್ವಚ್ಛ ಎಂದು ಹೇಳುವ ಮೂರು ತಿಂಗಳ ಸರ್ಟಿಫಿಕೇಟಿನಲ್ಲಿ ಇನ್ನೂ ಕೆಲವು ದಿನ ಉಳಿದಿತ್ತು.