ಡಾಕ್ಟರ್ ವಿಮಲಾ ಮನೆಗೆ ಬಂದು ಹೇಳಿದ್ದು

ಡಾಕ್ಟರ್ ವಿಮಲಾ ಹಂಚಿನಾಳ ರೋಗಿಯ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ಹೆಸರು ಕೂಗಿಸದೆ ತಾವೇ ಕಾರಿಡಾರಿನ ತುದಿಗೆ ಬಂದು ನಿಂತು, ಕುರ್ಚಿಯಿಂದ ಏಳುವುದು, ಹೆಜ್ಜೆ ಎತ್ತಿಡುವುದು, ತಿರುಗುವಾಗ ತಡವರಿಸುವುದು ಎಲ್ಲವನ್ನೂ ಗಮನಿಸುವರು. "ಮಂದಿ ಬಾಯಿಲೆ ಆರಾಮ ಇದ್ದೀನಿ ಅಂತಾರ್ರೀ. ಕಾಲಿಗೆ ಸುಳ್ಳು ಹೇಳಾಕ ಬರಂಗಿಲ್ಲ," ಎನ್ನುತ್ತಿದ್ದರು.

ನನ್ನ ಗಂಡ ಶ್ರೀಧರ ಲಂಡನ್ನಿನ ಏರ್‌ಪೋರ್ಟಿನ ಕಾರ್ಗೋದಲ್ಲಿ ಪಾರ್ಸೆಲ್ ಕಟ್ಟುವ ಕೆಲಸ ಮಾಡುತ್ತಿದ್ದರು. ಎಡಗೈ ಬಿಗಿದುಕೊಂಡು ನಡಿಗೆ ನಿಧಾನವಾದಾಗ ಫೆಲ್ಥಮ್‌ನ ನಮ್ಮ ಬಡಾವಣೆಯ ಡಾಕ್ಟರು ಇವರನ್ನು ಲಂಡನ್ನಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಧಾರವಾಡದ ಕನ್ನಡ ಕೇಳಿಸಿದ್ದೇ ಇವರ ಅರ್ಧ ಭಯ ಇಳಿಯಿತು. ವಿಮಲಾ ಮೂವತ್ತು ವರ್ಷ ನಡಿಗೆ ಕೆಡಿಸುವ ಮಿದುಳಿನ ಕಾಯಿಲೆಗಳ ಸಂಶೋಧನೆಯಲ್ಲೇ ಕಳೆದವರು. ಮದುವೆಯಾಗಿರಲಿಲ್ಲ. ಮಧ್ಯಾಹ್ನದ ಮೊಸರನ್ನವನ್ನು ಕಿಟಕಿಯ ಬಳಿ ನಿಂತೇ ತಿನ್ನುತ್ತಿದ್ದರು. ರೋಗಿಗಳನ್ನು ಅವರವರ ಕೆಲಸದಿಂದಲೇ ಪರೀಕ್ಷಿಸುವುದು ಅವರ ರೂಢಿ. ದರ್ಜಿಗೆ ಸೂಜಿ ಪೋಣಿಸಲು ಹೇಳುವರು. ಇವರ ಕೈಗೆ ದಾರ ಕೊಟ್ಟು, "ಒಂದು ಪಾರ್ಸೆಲ್ ಕಟ್ಟಿ ತೋರಿಸ್ರಿ," ಎಂದರು. ಇವರು ಬೆವರುತ್ತ ಗಂಟು ಹಾಕುವವರೆಗೂ ತಾಳ್ಮೆಯಿಂದ ಕಾದರು. ಆಮೇಲೆ ಪಾರ್ಕಿನ್ಸನ್ಸ್ ಎಂದರು.

ಹೊಸ ಔಷಧವೊಂದರ ಟ್ರಯಲ್ ನಡೆಯುತ್ತಿತ್ತು. ಇವರೂ ಸೇರಿಕೊಂಡರು. ತಿಂಗಳಿಗೊಮ್ಮೆ ಇಡೀ ದಿನ ಆಸ್ಪತ್ರೆಯಲ್ಲಿ ಡ್ರಿಪ್. ಎರಡು ಸಲ ತಪ್ಪಿದರೆ ಟ್ರಯಲ್‌ನಿಂದ ಹೊರಗೆ. ಮರುವರ್ಷ ಇವರು, "ಮೈಸೂರಿಗೆ ಹೋಗಿ ಎರಡು ತಿಂಗಳು ಅಕ್ಕನ ಜೊತೆ ಇದ್ದು ಬರ್ತೀನಿ ಡಾಕ್ಟ್ರೇ. ತಾಯಿ ಹೋದ ಮೇಲೆ ನನ್ನ ಸಾಕಿದವಳು ಅವಳೇ," ಎಂದರು.

ವಿಮಲಾ ಇವರ ಕಣ್ಣನ್ನೇ ತುಸು ಹೊತ್ತು ನೋಡಿದರು. "ಟ್ರಯಲ್ ಮುಗೀಲ್ರಿ. ಆಮ್ಯಾಲೆ ಹೋಗಿಬರ್ರಿ," ಎಂದರು.

ಟ್ರಯಲ್ ಮುಗಿಯುವಷ್ಟರಲ್ಲಿ ಇವರು ನಿಂತಲ್ಲೇ ಹಿಂದಕ್ಕೆ ಬೀಳುತ್ತಿದ್ದರು. ತಟ್ಟೆಯ ಕಡೆಗೆ ಕಣ್ಣು ಇಳಿಸಲಾಗುತ್ತಿರಲಿಲ್ಲ. ನೀರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಕ್ಕ ವಿಡಿಯೋ ಕಾಲಿನಲ್ಲಿ "ಶ್ರೀಧರಾ, ಶ್ರೀಧರಾ" ಎಂದು ಕರೆಯುತ್ತಿದ್ದರು. ಇವರ ಬಾಯಿಂದ ಸ್ವರ ಬರುತ್ತಿರಲಿಲ್ಲ. ಊರಿಗೆ ಹೋಗದೆಯೇ ತೀರಿಕೊಂಡರು. ಮಿದುಳನ್ನು ಸಂಶೋಧನೆಗೆ ಕೊಡುವುದಾಗಿ ಮೊದಲೇ ಸಹಿ ಮಾಡಿದ್ದರು. ಕೊಟ್ಟೆವು.

ಕೆಲವು ತಿಂಗಳಾದ ಮೇಲೆ ಒಂದು ಶನಿವಾರ ವಿಮಲಾ ಒಬ್ಬರೇ ನಮ್ಮ ಫ್ಲ್ಯಾಟಿಗೆ ಬಂದರು. ಕೋಟು ತೆಗೆಯಲಿಲ್ಲ, ಕಾಫಿ ಬೇಡವೆಂದರು.

"ಸುಧಾ ಅವರ, ಮಿದುಳಿನ ರಿಪೋರ್ಟ್ ಬಂತು. ಶ್ರೀಧರ ಅವರಿಗೆ ಪಾರ್ಕಿನ್ಸನ್ಸ್ ಇರಲಿಲ್ರಿ. ಹಂಗ ಕಾಣೋ ಬ್ಯಾರೆ ರೋಗ, ಅದಕ್ಕಿಂತ ಕೆಟ್ಟದ್ದು. ನಾವು ಕೊಟ್ಟ ಔಷಧದಿಂದ ಅದಕ್ಕ ಏನೂ ಆಗಂಗಿಲ್ಲ."

"ಯಾರಿಗಾದ್ರೂ ತಪ್ಪಾಗುತ್ತೆ ಡಾಕ್ಟ್ರೇ," ಎಂದೆ. ನನಗೆ ನಿಜವಾಗಿಯೂ ಹಾಗೆಯೇ ಅನಿಸಿತ್ತು.

ಅವರು ತಲೆಯಾಡಿಸಿದರು. "ಇದು ಗೊತ್ತಿಲ್ದ ಆದ ತಪ್ಪಲ್ರಿ. ಅಕ್ಕನ ಕಡೆ ಹೋಗ್ತೀನಿ ಅಂದ್ರಲ್ಲ, ಅವತ್ತ ಅವರ ಕಣ್ಣು ನೋಡಿ ನನಗ ಅನುಮಾನ ಬಂದಿತ್ತು. ಹೇಳಿದ್ರ ಟ್ರಯಲ್‌ನಿಂದ ತಗೀಬೇಕಾಗ್ತಿತ್ತು. ಮೊದಲ ಟ್ರಯಲ್ಲಿಗೆ ಮಂದಿ ಕಡಿಮಿ ಇದ್ರು. ಖಾತ್ರಿ ಆಗ್ಲಿ, ಆಮ್ಯಾಲೆ ಹೇಳೋಣು ಅಂತ ಸುಮ್ಮನಾದೆ."

"ಆಗ ಅವ್ರು ನಡೀತಿದ್ರು," ಎಂದೆ.

"ಹೌದ್ರಿ."

"ಪ್ಲೇನ್ ಹತ್ತಬಹುದಿತ್ತು."

"ಹೌದ್ರಿ."

"ಈಗ ಯಾಕೆ ಬಂದು ಹೇಳಿದ್ರಿ? ನೀವು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ನನಗ ಗೊತ್ತಿತ್ತಲ್ರಿ."

ಎದ್ದು ಹೋಗಿ ಬಾಗಿಲು ತೆರೆದೆ. ಅವರು ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದು ಹೋದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ದೂರು ಕೊಡಲೆಂದು ಆಸ್ಪತ್ರೆಗೆ ಫೋನ್ ಮಾಡಿದಾಗ ತಿಳಿಯಿತು: ನಮ್ಮ ಮನೆಗೆ ಬರುವ ಮುಂಚೆಯೇ ಅವರು ಎಲ್ಲವನ್ನೂ ಬರೆದುಕೊಟ್ಟಿದ್ದರು. ವಿಚಾರಣೆಯಾಯಿತು. ಸಂಶೋಧನೆಯನ್ನು ಅವರಿಂದ ತೆಗೆದುಕೊಂಡರು. ಮುಂದೆ ಬರೀ ರೋಗಿಗಳನ್ನು ನೋಡುತ್ತಿದ್ದರಂತೆ. ಈ ಚಳಿಗಾಲದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರೆಂದು ಅವರ ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿದಳು. ನನ್ನ ಸಿಟ್ಟು ಇನ್ನೂ ಆರಿಲ್ಲ. ಆದರೂ ಅಂದು ಒಲೆ ಹಚ್ಚಲು ಮನಸ್ಸಾಗಲಿಲ್ಲ.

ಮೈಸೂರಿನ ಅತ್ತಿಗೆಗೆ, ಇವರ ಅಕ್ಕನಿಗೆ, ಸಾವಿನ ಸುದ್ದಿಯಷ್ಟೇ ಹೇಳಿದೆ. ಅವರು ಫೋನಿನಲ್ಲೇ ಅತ್ತರು. "ಪುಣ್ಯಾತ್ಗಿತ್ತಿ ಕಣೇ. ನಮ್ಮ ಶ್ರೀಧರನ್ನ ಒಡಹುಟ್ಟಿದವನ ಹಾಗೆ ನೋಡ್ಕೊಂಡ್ರು. ಅಲ್ವೇನೇ ಸುಧಾ?"

"ಹೂಂ ಅತ್ತಿಗೆ," ಎಂದೆ.