ರಸ್ತೆ ಕಾಣದ ಕಾಲ್ಮರಿ

ನಮ್ಮ ಮನೆಗೆ ಚಪ್ಪಲಿ ಎಂಬ ಮಾತು ಬಂದದ್ದು ತಡವಾಗಿ. ಸಾಂಗ್ಲಿ ಹತ್ತಿರದ ಕವಲಾಪುರದಲ್ಲಿದ್ದಾಗ ಕಾಲಿಗೆ ಮೆಟ್ಟುವುದೆಲ್ಲ ನಮಗೆ ಕಾಲ್ಮರಿಯೇ. ಕುರಿ ಸಾಕಿದ ಮನೆಯಾದ್ದರಿಂದ ನಾನು ಎರಡು ಥರದ ಮರಿಗಳ ನಡುವೆ ಬೆಳೆದವನು. ಆಗಷ್ಟೇ ಹುಟ್ಟಿದ ಕುರಿಮರಿ ಥಂಡಿಗೆ ಒಳಗೆ ನಮ್ಮ ಪಕ್ಕದಲ್ಲೇ ಮಲಗುತ್ತಿತ್ತು. ಕಾಲ್ಮರಿ ಮಾತ್ರ ಹೊಸ್ತಿಲ ಆಚೆ. ಯಾರಾದರೂ ಮರೆತು ಮೆಟ್ಟಿಕೊಂಡೇ ಒಳಗೆ ಬಂದರೆ ಕಾಕಾನ ಹೆಂಡತಿ, ನನ್ನ ಚಿಗವ್ವ, "ಕುರಿಮರಿ ಒಳಗ, ಕಾಲ್ಮರಿ ಹೊರಗ!" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಮರಾಠಿ ಶಾಲೆಯಲ್ಲಿ ಒಮ್ಮೆ ಇದರ ಅರ್ಥ ಬಿಡಿಸಿ ಹೇಳಿ ನಗೆಪಾಟಲಾದೆ. ಕಾಲಿಗೆ ಮರಿ ಹುಟ್ಟುತ್ತದೇನೋ ಎಂದು ಹುಡುಗರು ತಿಂಗಳುಗಟ್ಟಲೆ ಕಾಡಿದರು.

ಅಪ್ಪ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ. ಅವನ ತಮ್ಮ, ಅಂದರೆ ನನ್ನ ಕಾಕಾ, ಕುರಿ ಬಿಟ್ಟು ಮಾಧವನಗರದ ಗಿರಣಿ ಸೇರಿದ. ಗಿರಣಿಯ ಗೆಳೆಯನೊಬ್ಬ ಒಂದು ರಜೆಯ ದಿನ ಅವನನ್ನು ಮಿರಜಿಗೆ ಕರೆದುಕೊಂಡು ಹೋಗಿ, ಟೇಬಲ್ಲಿನ ಮೇಲಿನ ಚೆಂಡುಗಳನ್ನು ಕುಳಿಗೆ ಬೀಳಿಸುವ ಪೂಲ್ ಆಟ ತೋರಿಸಿದನಂತೆ. ಹಸಿರು ಬಯಲು, ಕೈಯಲ್ಲಿ ಉದ್ದ ಕೋಲು, ಚದುರಿದ್ದನ್ನೆಲ್ಲ ಒಂದೊಂದಾಗಿ ಮೂಲೆಗೆ ಅಟ್ಟುವ ಕೆಲಸ. "ಇದು ನಮ್ಮದ ಉದ್ಯೋಗ ಐತಲ್ಲೋ!" ಎಂದು ಕಾಕಾ ನಕ್ಕನಂತೆ. ಆಮೇಲೆ ಅವನು ಆ ಆಟ ಬಿಡಲಿಲ್ಲ. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ನನ್ನನ್ನೂ ಜೊತೆಗೆ ಕರೆದೊಯ್ಯತೊಡಗಿದ.

ಸಿತಾರ ಮಾಡುವವರ ಓಣಿಯಲ್ಲಿ ಒಂದು ಹಳೆಯ ಮನೆಯ ಮೇಲಂತಸ್ತು. ಕೆಳಗೆ ಯಾರೋ ತಂತಿ ಬಿಗಿದು ಬಿಗಿದು ನೋಡುತ್ತಿರುತ್ತಿದ್ದರು, ಮೇಲೆ ಚೆಂಡುಗಳ ಟಕಟಕ. ಮಾಲಕ ಭಕ್ತ ಮನುಷ್ಯ. ಗೋಡೆಯ ಮೇಲೆ ದೇವಿಯ ಫೋಟೊ. ಖಂಡೇನವಮಿ ಬಂತೆಂದರೆ ಬೇರೆಯವರು ಕುಡುಗೋಲು, ನೇಗಿಲು ಪೂಜಿಸಿದಂತೆ ಅವರು ಕೋಲುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿ, ಟೇಬಲ್ಲಿಗೆ ಚೆಂಡುಹೂವಿನ ಸರ ಹಾಕಿ ಕಾಯಿ ಒಡೆಯುತ್ತಿದ್ದರು. ಆ ದಿನ ಆಟವಿಲ್ಲ, ಪೇಢೆ ಮಾತ್ರ. ಪೂಜೆ ಮಾಡಿಸಿಕೊಂಡ ಟೇಬಲ್ಲಿನ ಎದುರು ಮೆಟ್ಟಿಕೊಂಡು ಯಾರು ನಿಲ್ಲುತ್ತಾರೆ? ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬಂದವರೆಲ್ಲ ಮೆಟ್ಟಿಲ ಕೆಳಗೆ ಬಿಟ್ಟೇ ಹತ್ತುತ್ತಿದ್ದರು.

ಹೀಗಾಗಿ ನಾವು ಬರಿಗಾಲಲ್ಲೇ ಆಡಿ ಬೆಳೆದೆವು. ಬೇಸಿಗೆಯ ಮಧ್ಯಾಹ್ನ ಅಲ್ಲಿ ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲಿನ ಮೇಲೆ ಕಾಲಿಟ್ಟರೆ ತಂಪು ಮೊಳಕಾಲಿನವರೆಗೆ ಏರುತ್ತಿತ್ತು. ಅದು ನೆನಪಾದರೆ ಈಗಲೂ ಅಂಗಾಲಿಗೆ ಹಿತವಾಗುತ್ತದೆ. ಕಾಕಾ ಹೊಡೆಯಲು ಬಗ್ಗಿದರೆ ನಾನು ಚೆಂಡು ನೋಡುತ್ತಿರಲಿಲ್ಲ, ಅವನ ಪಾದ ನೋಡುತ್ತಿದ್ದೆ. ಎಡಗಾಲು ಮುಂದೆ, ಬಲಗಾಲು ಹಿಂದೆ, ಬೆರಳುಗಳು ಅಗಲವಾಗಿ ಬಿಚ್ಚಿಕೊಂಡು ಕಲ್ಲನ್ನು ಹಿಡಿಯುತ್ತಿದ್ದವು. ಆ ಬೆರಳು ಅಲುಗದಿದ್ದರೆ ಚೆಂಡು ಬಿದ್ದ ಹಾಗೆಯೇ. ಎದುರಾಳಿಗಳಿಗೆ ತಿಳಿಯದಿರಲೆಂದು ನಮ್ಮ ಸಲಹೆಗಳೆಲ್ಲ ಕನ್ನಡದಲ್ಲಿ: "ಎಡಕ ಬಾ, ಮೆತ್ತಗ, ಮೆತ್ತಗ." ಅವರು ಮರಾಠಿಯಲ್ಲಿ ಬೈದುಕೊಳ್ಳುತ್ತಿದ್ದರು. ಎಂಥ ಸುಖದ ದಿನಗಳವು!

ಆ ಮಾಲಕರು ಈಗಿಲ್ಲ. ಅವರ ಮಗ ಕಲ್ಲು ಕೀಳಿಸಿ ಮಿರಿಮಿರಿ ಮಿಂಚುವ ಟೈಲ್ಸ್ ಹಾಕಿಸಿದ. ಫೋಟೊ ಮಾತ್ರ ಅದೇ ಜಾಗದಲ್ಲಿದೆ. ಕಾಕಾನಿಗೆ ಎಪ್ಪತ್ತು ದಾಟಿದೆ, ಹಿಮ್ಮಡಿ ಒಡೆದು ಕಾಲುಚೀಲ ಬಂದಿದೆ. ಕಳೆದ ಮಳೆಗಾಲದಲ್ಲಿ ಒಂದು ರವಿವಾರ ಬಗ್ಗಿ ಗುರಿ ಹಿಡಿದಾಗ ಹಿಂದಿನ ಕಾಲು ಜಾರಿತು. ಕೋಲಿನ ಸಮೇತ ನೆಲಕ್ಕೆ ಕೂತುಬಿಟ್ಟ. ಮಿರಜಿನಲ್ಲಿ ಡಾಕ್ಟರಿಗೇನು ಬರವೇ, ಆಗಲೇ ಎಕ್ಸ್‌ರೇ ಆಯಿತು. ಎಲುಬು ನೆಟ್ಟಗಿತ್ತು. ಇನ್ನು ಬರಿಗಾಲಲ್ಲಿ, ಬರೀ ಕಾಲುಚೀಲದಲ್ಲಿ ಟೈಲ್ಸ್ ಮೇಲೆ ನಿಲ್ಲಬೇಡಿ, ಹಿಮ್ಮಡಿ ಹಿಡಿದು ಅಂಗಾಲಿಗೆ ಆಸರೆ ಕೊಡುವ ಬೂಟು ತೆಗೆದುಕೊಳ್ಳಿ ಎಂದರು ಡಾಕ್ಟರು. ಚಿಗವ್ವನ ಅಪ್ಪಣೆ ಇನ್ನೂ ಚಿಕ್ಕದು: "ಇನ್ನೊಮ್ಮಿ ಬಿದ್ರ ಆ ಬಡಿಗಿ ಒಲಿಗೆ ಹಾಕ್ತೇನಿ ನೋಡ್ರಿ."

ಹಾಕುವವಳೇ ಅವಳು. ನನಗೆ ಹೆದರಿಕೆಯಾಯಿತು. ವಾರವಿಡೀ ಸಾಂಗ್ಲಿಯ ಅರಿಶಿಣ ಪೇಟೆಯಲ್ಲಿ ಹಳದಿಯಾಗುವ ನನ್ನ ಬೆರಳು ರವಿವಾರ ಒಂದು ದಿನ ಕೋಲಿನ ತುದಿಗೆ ತಿಕ್ಕುವ ಚಾಕ್‌ಪುಡಿಯಿಂದ ನೀಲಿಯಾಗುತ್ತದೆ. ಮನೆಯಲ್ಲಿ ನನ್ನ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಕಾಕಾನ ಆಟ ನಿಂತರೆ "ಮೆತ್ತಗ, ಮೆತ್ತಗ" ಎನ್ನಲು ನನಗೆ ಯಾರೂ ಉಳಿಯುವುದಿಲ್ಲ.

"ಸಂಜೀಕ ಹೋಗ್ರಿ. ಮುಂಜಾನಿ ಕಾಲು ಬ್ಯಾರೆ, ಸಂಜೀ ಕಾಲು ಬ್ಯಾರೆ" ಎಂದು ಬೂಟು ತರಲು ಹೊರಟ ನಮಗೆ ಚಿಗವ್ವ ಹೇಳಿ ಕಳಿಸಿದಳು. ನಿಂತು ನಿಂತು ಬಾತ ಕಾಲಿಗೆ ಸರಿಹೋದದ್ದೇ ಸರಿ ಎಂದು ಅವಳ ಲೆಕ್ಕ. ಸಾಂಗ್ಲಿಯ ಅಂಗಡಿಯವನು "ವಾಕಿಂಗಚೆ ಕಿ ರನಿಂಗಚೆ?" ಎಂದು ಕೇಳಿದ. ನಡೆಯಲಿಕ್ಕೋ, ಓಡಲಿಕ್ಕೋ? ಕಾಕಾ ಗಂಭೀರವಾಗಿ "ಉಭಂ ರಾಹಾಯಚೆ" ಎಂದ. ನಿಲ್ಲಲಿಕ್ಕೆ. ನಿಲ್ಲುವ ಬೂಟು ಅಂಗಡಿಯವನ ಕಪಾಟಿನಲ್ಲಿ ಇರಲಿಲ್ಲ.

ಮೊದಲಿನ ಜೋಡಿಗೆ ದಪ್ಪನೆಯ ಮೆತ್ತನೆಯ ತಳ. ಕಾಕಾ ತನ್ನ ಛತ್ರಿಯನ್ನೇ ಕೋಲು ಮಾಡಿಕೊಂಡು ನಡುಅಂಗಡಿಯಲ್ಲಿ ಬಗ್ಗಿದ, ಒಂದು ಡಬ್ಬಿಗೆ ಗುರಿಯಿಟ್ಟ. "ಹಿಂಡೀ ಚೀಲದ ಮ್ಯಾಲ ನಿಂತಂಗ ಆಗತೈತೋ ತಮ್ಮಾ" ಎಂದು ಬಿಚ್ಚಿದ. ಚರ್ಮದ ಬೂಟು ಬೆರಳುಗಳನ್ನು ಒತ್ತಿತು, ತಳ ಜಾರಿತು, ಮೇಲಿಂದ ಕಿರ್ ಎಂದಿತು. "ಎದುರಿನವ ಹೊಡಿಯೂವಾಗ ಇದು ಕಿರ್ ಅಂದ್ರ ಜಗಳಾನ." ಕ್ಯಾನ್ವಾಸಿನದಕ್ಕೆ ಹಿಮ್ಮಡಿಯಲ್ಲಿ ಜೀವವೇ ಇರಲಿಲ್ಲ. ಅಷ್ಟರಲ್ಲಿ ಬೇರೆ ಗಿರಾಕಿಗಳು ತಮ್ಮ ಕೆಲಸ ಬಿಟ್ಟು ನಮ್ಮನ್ನೇ ನೋಡತೊಡಗಿದ್ದರು. ನನಗೆ ಮುಜುಗರ, ಕಾಕಾನಿಗೆ ಅದರ ಗೊಡವೆಯೇ ಇಲ್ಲ. ಕಡೆಗೆ ಸಾದಾ ಕಪ್ಪು ಜೋಡಿಯೊಂದು ಬಂತು. ಮುಂದೆ ಅಗಲ, ಒಳಗೆ ಬೆರಳು ಬಿಚ್ಚಿಕೊಳ್ಳಲು ಜಾಗ, ತಳ ಚಪ್ಪಟೆ ರಬ್ಬರಿನದು, ಹಿಮ್ಮಡಿ ಗಟ್ಟಿ. ಕಾಕಾ ಬಗ್ಗಿದ. ನಾನು ಹಳೇ ಚಾಳಿಯಂತೆ ಪಾದ ನೋಡಿದೆ. ಬೂಟಿನೊಳಗಿನ ಬೆರಳು ಕಾಣಲಿಲ್ಲ, ಆದರೆ ಕಾಲು ಅಲುಗಲಿಲ್ಲ.

ಆ ರವಿವಾರ ಹೊಸ ಬೂಟು ಮೆಟ್ಟಿ ಬಸ್ಸಿನಲ್ಲಿ ಮಿರಜಿಗೆ ಬಂದೆವು. ಮೆಟ್ಟಿಲ ಕೆಳಗೆ ಕಾಕಾ ನಿಂತ. ಸಾವಕಾಶ ಕೂತು, ಲೇಸು ಬಿಚ್ಚಿ, ಎರಡೂ ಬೂಟು ಗೋಡೆಗೆ ಹಚ್ಚಿ ಇಟ್ಟ.

"ಕಾಕಾ, ಏನ್ ಮಾಡಾಕತ್ತೀರಿ? ಅದಕ್ಕಂತನ ತಂದೇವಲ್ರಿ!"

"ದೇವಿ ಮುಂದ ರಸ್ತಾ ತುಳದ ಬೂಟು ಹೆಂಗ ಹಾಕ್ಕೊಳ್ಳೋ?"

ಮೇಲಿಂದ ಮಾಲಕನ ಮಗ, ತಾನೂ ಬೂಟಿನಲ್ಲೇ ನಿಂತವನು, "ಕಾಕಾ, ಘಾಲೂನಚ ಯಾ" ಎಂದು ಕರೆದ. ಹಾಕಿಕೊಂಡೇ ಬನ್ನಿ ಎಂದರೂ ಕೇಳುವವರು ಯಾರು? ಕಾಕಾ ಮೇಲೆ ಬಂದು, ಟೈಲ್ಸ್ ನೋಡಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಬಾಕಿನ ಮೇಲೆ, ಅಂದರೆ ಗೋಡೆ ಬದಿಯ ಬೆಂಚಿನ ಮೇಲೆ, ಕೂತ. ಆಡಲೇ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಅದರ ಅಡಿಯಲ್ಲಿ ಇದ್ದದ್ದು ಸಂಕಟ. ಇಷ್ಟು ವರ್ಷಗಳ ಆಟ ಬಾಕಿನ ಮೇಲೆ ಹೀಗೆ ಕೂತು ಮುಗಿಯುತ್ತದಲ್ಲ ಎಂದು.

ಮಾಧವನಗರದ ಕಾಕಾನ ಮನೆಗೆ ಮರಳಿ ಚಿಗವ್ವನ ಮುಂದೆ ಎಲ್ಲ ಒದರಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೂಟು ತಿರುವಿ ತಳ ನೋಡಿದಳು. ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು, ನೆರಳಲ್ಲಿ ಒಣಗಿಸಿದಳು. ಹಳೇ ಸೀರೆಯ ತುಂಡಿನಿಂದ ಒಂದು ಚೀಲ ಹೊಲಿದು ಅದರೊಳಗೆ ಇಟ್ಟಳು.

"ಹುಟ್ಟಿದ ಮರಿ ಹಿಂಡಿನ ಸಂಗಾಟ ಹೊರಗ ಹೋಗೂತನಕ ಒಳಗ ಇರತಿತ್ತಲ್ರಿ? ಇದೂ ಹಂಗ. ಇನ್ನ ಮ್ಯಾಲ ಇದಕ್ಕ ರಸ್ತಾ ತೋರಿಸಬ್ಯಾಡ್ರಿ. ಚಪ್ಪಲಿ ಕೆಳಗ ಬಿಡ್ರಿ, ಇದನ್ನ ಮ್ಯಾಲ ಹೋಗಿ ಹಾಕ್ಕೊರಿ. ಇದು ಒಳಗಿನ ಮರಿ."

ಕಾಕಾ ಅವಳನ್ನೇ ನೋಡುತ್ತ ಕೂತ. ಆಮೇಲೆ ಹೆಗಲು ಕುಣಿಯುವಂತೆ ನಕ್ಕ.

ಮುಂದಿನ ರವಿವಾರ ಅವನು ಬರಿಗಾಲಲ್ಲಿ ಮೆಟ್ಟಿಲು ಹತ್ತಿದ. ಫೋಟೊಕ್ಕೆ ಕೈಮುಗಿದು, ಬಾಕಿನ ಮೇಲೆ ಕೂತು ಚೀಲದಿಂದ ಬೂಟು ತೆಗೆದು ಹಾಕಿಕೊಂಡ. ಲೇಸು ಮಾತ್ರ ನಾನು ಕಟ್ಟಿದೆ. ಎಡಗಾಲು ಮುಂದೆ, ಬಲಗಾಲು ಹಿಂದೆ. "ಮೆತ್ತಗ, ಮೆತ್ತಗ" ಎಂದೆ. ಕಾಲು ಅಲುಗಲಿಲ್ಲ, ಮೂಲೆಯಲ್ಲಿ ಟೊಪ್ ಎಂದಿತು.

ಅಷ್ಟರಲ್ಲಿ ಚಿಗವ್ವನ ಫೋನು. "ಏನಾತೋ? ಬಿದ್ರೇನು?"

ಕಾಕಾ ಫೋನು ಕಸಿದುಕೊಂಡ. "ಬಿತ್ತ ನೋಡು!"

"ಅಯ್ಯ ನಮ್ಮವ್ವ!"

"ನಾ ಅಲ್ಲ. ಚೆಂಡು."

ಆ ಕಡೆ ಮೂಗು ಏರಿಸಿದ ಸದ್ದು ನನಗೂ ಕೇಳಿಸಿತು. ಆಮೇಲೆ ಅವಳು, ನಾನು ಹುಟ್ಟಿದಾಗಿನಿಂದ ಕೇಳಿದ ಅದೇ ಜಬರು ದನಿಯಲ್ಲಿ ಹೇಳಿದಳು:

"ಆಡ್ರಿ, ಆಡ್ರಿ. ಬರೂವಾಗ ಮರೀನ ಮರೀಬ್ಯಾಡ್ರಿ."